ಅಲೆ ತಗ್ಗುವ ದಂಡೆಗಳು: ಕಾರವಾರ–ಅಂಕೋಲೆಯಲ್ಲಿ ಬೇಸಿಗೆಯ ಒಂದು ದಿನಕ್ಕೆ ಕಡಲು ಆರಿಸುವ ಬಗೆ

ಪರೀಕ್ಷೆಗಳು ಮುಗಿದು ಏಪ್ರಿಲ್ ಕಾಲಿಟ್ಟಿತೆಂದರೆ ಹುಬ್ಬಳ್ಳಿ, ಧಾರವಾಡ, ಶಿರಸಿ, ಬೆಳಗಾವಿಯ ಮನೆಗಳಲ್ಲಿ ಕಡಲಿನ ಮಾತು ಏಳುತ್ತದೆ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಂತಿರಬೇಕು, ಮಕ್ಕಳಿಗೆ ನೀರು ಸಿಗಬೇಕು, ದೊಡ್ಡವರಿಗೆ ನೆರಳು ಸಿಗಬೇಕು, ಊಟಕ್ಕೆ ಮೀನಿದ್ದರೆ ಇನ್ನೂ ಒಳ್ಳೆಯದು. ಎಲ್ಲಿಗೆ ಎಂಬುದಕ್ಕೆ ಉತ್ತರ ಬಹುಪಾಲು ಮೊದಲೇ ಸಿದ್ಧವಿರುತ್ತದೆ. ಗೋಕರ್ಣ, ಇಲ್ಲವೇ ಮುರ್ಡೇಶ್ವರ, ಇಲ್ಲವೇ ಗಡಿಯಾಚೆಯ ಗೋವಾ. ಈ ಹೆಸರುಗಳ ನಡುವೆ ಉತ್ತರದ ಮಾಜಾಳಿಯಿಂದ ದಕ್ಷಿಣದ ಮಂಜುಗುಣಿಯವರೆಗೆ ಸುಮಾರು 55 ಕಿ.ಮೀ. ಉದ್ದದ ಕರಾವಳಿಯೊಂದಿದೆ. ಹೆದ್ದಾರಿ 66ರಲ್ಲಿ ಓಡುವ ಕಾರಿನ ಕಿಟಕಿಯಲ್ಲಿ ಅದು ಆಗಾಗ ಮಿಂಚಿ ಮರೆಯಾಗುತ್ತದೆ. ಇಳಿದು ನೋಡುವವರು ಕಡಿಮೆ.

ಇಳಿದು ನೋಡಬೇಕೆಂದರೆ ಎಲ್ಲಿ ಇಳಿಯಬೇಕು ಎಂಬುದು ಈ ಲೇಖನದ ಪ್ರಶ್ನೆ. ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಪಟ್ಟಿಗಳು ಚಿತ್ರ ಚೆನ್ನಾಗಿ ಬಂದ ದಂಡೆಯನ್ನು ಮೊದಲಿಗೆ ಇಡುತ್ತವೆ. ನೀರಿಗೆ ಇಳಿಯುವವರಿಗೆ ಬೇಕಾದ ಲೆಕ್ಕಗಳೇ ಬೇರೆ. ದಂಡೆಯ ಇಳಿಜಾರು ಎಷ್ಟು, ಹತ್ತಿರ ನದೀಮುಖವಿದೆಯೇ, ಮಧ್ಯಾಹ್ನ ಗಾಳಿ ಯಾವ ಕಡೆಯಿಂದ, ಮರದ ನೆರಳಿದೆಯೇ, ಹೆಣ್ಣುಮಕ್ಕಳು ಒದ್ದೆ ಬಟ್ಟೆ ಬದಲಿಸಲು ಒಂದು ಕೋಣೆ ಇದೆಯೇ, ಏನಾದರೂ ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಜನರಿದ್ದಾರೆಯೇ ಎಂಬುದನ್ನೆಲ್ಲ ಅಳೆದು ನೋಡಿದರೆ ಕಾರವಾರ–ಅಂಕೋಲೆಯ ದಂಡೆಗಳ ಸರದಿ ಬದಲಾಗುತ್ತದೆ.

ದಂಡೆಗೊಂದು ಗುಣ

ಉಡುಪಿ, ಮಂಗಳೂರು ಕಡೆಯ ಕಡಲು ಬಹುತೇಕ ನೇರ. ಮೈಲುಗಟ್ಟಲೆ ಮರಳು, ಎದುರಿಗೆ ತೆರೆದ ಅರಬ್ಬಿ ಸಮುದ್ರ. ಕಾರವಾರದ ಸುತ್ತ ಹಾಗಿಲ್ಲ. ಇಲ್ಲಿ ಸಹ್ಯಾದ್ರಿ ಕಡಲಿಗೆ ತೀರ ಹತ್ತಿರ ಬರುತ್ತದೆ. ಗುಡ್ಡದ ಚಾಚುಗಳು ನೀರಿನೊಳಗೇ ಇಳಿದು ಭೂಶಿರಗಳಾಗಿವೆ. ಎರಡು ಚಾಚುಗಳ ನಡುವೆ ಒಂದೊಂದು ಕೊಲ್ಲಿ, ಕೊಲ್ಲಿಯ ತಳದಲ್ಲಿ ಅರ್ಧಚಂದ್ರದ ಮರಳು. ಎದುರಿಗೆ ದ್ವೀಪಗಳ ಸಾಲು: ಅಂಜುದೀವ್, ಕೂರ್ಮಗಡ, ದೀಪಸ್ತಂಭವಿರುವ ದೇವಗಡ. ಹೊರಗಡಲಿನಿಂದ ಬಂದ ಅಲೆ ಈ ದ್ವೀಪಗಳಿಗೂ ಭೂಶಿರಗಳಿಗೂ ಬಡಿದು ಬಲ ಕಳೆದುಕೊಂಡು ದಂಡೆ ತಲುಪುತ್ತದೆ.

ಇನ್ನೊಂದು ಶಕ್ತಿ ನದಿಗಳದ್ದು. ಕಾರವಾರದಲ್ಲಿ ಕಾಳಿ, ಅಂಕೋಲೆಯ ದಕ್ಷಿಣದಲ್ಲಿ ಗಂಗಾವಳಿ, ನಡುವೆ ಹಲವು ಸಣ್ಣ ಹೊಳೆಗಳು. ಅಳಿವೆಗಳಲ್ಲಿ ನದಿ ಮರಳು ತಂದು ಸುರಿಯುತ್ತದೆ, ಕೋಡಿ ಕಟ್ಟುತ್ತದೆ, ಅದನ್ನೇ ಮುಂದಿನ ಮಳೆಗಾಲದಲ್ಲಿ ಕಿತ್ತು ಬೇರೆಡೆ ಇಡುತ್ತದೆ. ಅಳಿವೆಯ ದಂಡೆ ನೋಡಲು ಅತಿ ಚೆಂದ, ಈಜಲು ಅತಿ ಕೆಟ್ಟದ್ದು.

ಮರಳಿನ ಈ ಓಡಾಟದಲ್ಲಿ ಬೇಸಿಗೆಗೆ ಒಂದು ಅನುಕೂಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದು ತುಸು ದೂರದ ಆಳದಲ್ಲಿ ದಿಣ್ಣೆಯಾಗಿ ಒಟ್ಟುತ್ತವೆ. ಮಳೆ ಕಳೆದ ಮೇಲೆ ಮೆದು ಅಲೆಗಳು ಅದೇ ಮರಳನ್ನು ನಿಧಾನವಾಗಿ ಹಿಂದಕ್ಕೆ ತಳ್ಳುತ್ತವೆ. ಹಾಗಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ದಂಡೆ ವರ್ಷದಲ್ಲೇ ಅತಿ ಅಗಲವಾಗಿ, ಇಳಿಜಾರು ಅತಿ ಮೆದುವಾಗಿ ಸಿಗುತ್ತದೆ. ಮೇ ಎರಡನೇ ಅರ್ಧದಿಂದ ಲೆಕ್ಕ ತಿರುಗುತ್ತದೆ. ಗಾಳಿ ಬಿರುಸಾಗುತ್ತದೆ, ನೀರು ಕದಡುತ್ತದೆ. ಕಡಲ ಪ್ರವಾಸಕ್ಕೆ ಮೇ ಕೊನೆಯ ವಾರ ಬೇಸಿಗೆಯಲ್ಲ, ಮಳೆಗಾಲದ ಮುನ್ನುಡಿ.

ಹೊಸ ದಂಡೆಯೊಂದರ ಗುಣವನ್ನು ಹೊರಗಿನವರು ತಿಳಿಯುವುದು ಹೇಗೆ? ಮರಳ ಮೇಲೆ ದೋಣಿಗಳನ್ನು ಎಳೆದಿಟ್ಟಿದ್ದಾರೆಯೇ ಎಂದು ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಈ ಕರಾವಳಿಯಲ್ಲಿ ಹೆಸರಾದ ರಂಪಣಿ ಮೀನುಗಾರಿಕೆಯನ್ನೇ ತೆಗೆದುಕೊಳ್ಳಿ. ಉದ್ದನೆಯ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧವೃತ್ತವಾಗಿ ಬಿಟ್ಟು, ಎರಡೂ ತುದಿಗಳನ್ನು ದಂಡೆಯ ಮೇಲೆ ನಿಂತ ಹತ್ತಾರು ಜನ ಎಳೆಯುತ್ತಾರೆ. ಇದಕ್ಕೆ ಬಂಡೆಯಿಲ್ಲದ ಮರಳ ತಳ ಬೇಕು, ಮೆದು ಇಳಿಜಾರು ಬೇಕು, ತಗ್ಗಿದ ಅಲೆ ಬೇಕು. ಮಗುವೊಂದು ಮೊಣಕಾಲು ನೀರಿನಲ್ಲಿ ಆಡಲು ಬೇಕಾದ್ದೂ ಇವೇ ಮೂರು. ಹರಿಕಂತ್ರರು, ಖಾರ್ವಿಗಳು, ಗಾಬೀತರು ತಲೆಮಾರುಗಳಿಂದ ದೋಣಿ ಇಳಿಸುತ್ತ ಬಂದ ದಂಡೆಯೆಂದರೆ ಆ ನೀರನ್ನು ಅಷ್ಟು ಕಾಲ ಯಾರೋ ಪರೀಕ್ಷಿಸಿದ್ದಾರೆಂದೇ ಅರ್ಥ. ಅಗಲವಾದ, ಸುಂದರವಾದ ದಂಡೆಯಲ್ಲಿ ಒಂದೂ ದೋಣಿ ಕಾಣದಿದ್ದರೆ ನೀರಿಗೆ ಇಳಿಯುವ ಮುನ್ನ ಕಾರಣ ಕೇಳಬೇಕು.

ಕಾಳಿಯ ಬಡಗಣ ದಂಡೆಗಳು

ಗೋವಾ ಗಡಿಗೆ ಅಂಟಿಕೊಂಡ ಮಾಜಾಳಿ ಕಾರವಾರ ಪೇಟೆಯಿಂದ ಹತ್ತು–ಹನ್ನೆರಡು ಕಿ.ಮೀ. ದೂರ. ಮೀನುಗಾರರ ಮನೆಗಳು, ತೆಂಗಿನ ಸಾಲು, ಎಳೆದಿಟ್ಟ ದೋಣಿಗಳು, ಅಗಲವಾದ ಮರಳು. ಜನಜಂಗುಳಿ ಇಲ್ಲ. ತಿಂಡಿ ಅಂಗಡಿಗಳ ಸಾಲೂ ಇಲ್ಲ. ನೀರು, ತಿನಿಸು ಕಟ್ಟಿಕೊಂಡು ಬಂದ ಕುಟುಂಬಕ್ಕೆ ಇಲ್ಲಿನ ಬೆಳಗು ತುಂಬ ಹಿತ.

ಮಾಜಾಳಿಯ ಉತ್ತರದ ಗುಡ್ಡ ದಾಟಿದರೆ ತೀಳಮಾತಿ. ವಾಹನ ಹೋಗದ, ಕಾಲ್ನಡಿಗೆಯಲ್ಲೇ ತಲುಪಬೇಕಾದ ಪುಟ್ಟ ದಂಡೆ. ಇಲ್ಲಿನ ಮರಳು ಕಪ್ಪು, ಎಳ್ಳಿನ ಕಾಳಿನಂತೆ. ಸುತ್ತಲಿನ ಕರಿ ಬಂಡೆ ಅಲೆಯ ಪೆಟ್ಟಿಗೆ ಸವೆದು ಪುಡಿಯಾದದ್ದು ಅದು. ಗುಡ್ಡದ ನೆತ್ತಿಯಿಂದ ಒಂದು ಕಡೆ ಬಿಳಿ ದಂಡೆ, ಇನ್ನೊಂದು ಕಡೆ ಕಪ್ಪು ದಂಡೆ ಕಾಣುವುದು ಈ ಕರಾವಳಿಯ ಅಪರೂಪದ ನೋಟ. ಆದರೆ ಕಪ್ಪು ಮರಳು ಬಿಸಿಲನ್ನು ಹೀರುತ್ತದೆ. ಹನ್ನೊಂದರ ಮೇಲೆ ಬರಿಗಾಲು ಊರಲಾಗುವುದಿಲ್ಲ. ಸುತ್ತ ಬಂಡೆಗಳಿರುವುದರಿಂದ ಈಜಿಗೆ ತಕ್ಕ ಜಾಗವೂ ಅಲ್ಲ. ನಡೆಯುವ ಉತ್ಸಾಹ ಇರುವವರು ಬೆಳಿಗ್ಗೆ ಏಳಕ್ಕೆ ಹೋಗಿ ಒಂಬತ್ತಕ್ಕೆ ಇಳಿದುಬಿಡಬೇಕು. ವಯಸ್ಸಾದವರಿಗೆ, ಎಳೆ ಮಕ್ಕಳಿಗೆ ಇದು ಬೇಡ.

ಕಾಳಿ ಕಡಲು ಸೇರುವಲ್ಲಿ ಉತ್ತರದ ದಡ ದೇವಬಾಗ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಗಾಳಿಮರಗಳ ತೋಪು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟ್ ಇಲ್ಲಿದೆ. ಬೇಸಿಗೆಯ ದಿನಕ್ಕೆ ಬೇಕಾದ ನೆರಳಿನ ಲೆಕ್ಕದಲ್ಲಿ ದೇವಬಾಗಕ್ಕೆ ಈ ಭಾಗದಲ್ಲಿ ಸಾಟಿ ಕಡಿಮೆ. ನದಿಯ ಬದಿಗೆ ಮಾತ್ರ ಇಳಿಯಬಾರದು. ಇಲ್ಲಿಂದ ಮಾಜಾಳಿಯವರೆಗಿನ ಮರಳಿನಲ್ಲಿ ಮಳೆಗಾಲ ಕಳೆದ ಮೇಲೆ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತದೆ. ಮರಳಿನ ಮೇಲೆ ಜೀಪು ಓಡಿಸುವ ಚಪಲ ಇರುವವರು ಕೆಳಗೆ ಏನಿರಬಹುದೆಂದು ಒಮ್ಮೆ ಯೋಚಿಸಬೇಕು.

ಕಾರವಾರದಿಂದ ಈ ಮೂರೂ ಕಡೆಗೆ ಹೋಗಲು ಸದಾಶಿವಗಡದ ಬುಡದಲ್ಲಿ ಕಾಳಿ ಸೇತುವೆ ದಾಟಬೇಕು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಆಮೇಲೆ ಎರಡೂ ದಿಕ್ಕಿನ ವಾಹನಗಳು ಪಕ್ಕದ ಹೊಸ ಸೇತುವೆಯ ಮೇಲೇ ಸಾಗತೊಡಗಿದವು. ರಜೆಯ ದಿನ ಇಲ್ಲಿ ತುಸು ಹೊತ್ತು ಕಾಯುವುದಕ್ಕೂ ಸಮಯ ಇಟ್ಟುಕೊಂಡಿರಬೇಕು.

ಪೇಟೆಯ ಮಗ್ಗುಲಿನ ಕಡಲು

ಕಾರವಾರ ಪೇಟೆಗೆ ಒತ್ತಿಕೊಂಡು, ಬೈತಕೋಲ ಬಂದರಿನಿಂದ ಕೋಡಿಬಾಗದ ಅಳಿವೆಯವರೆಗೆ ಬಾಗಿದ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿದೆ. ಐಸಿಎಸ್ ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ತಮ್ಮ 1883ರಲ್ಲಿ ಅಣ್ಣನ ಮನೆಗೆ ಬಂದು ಉಳಿದು ‘ಪ್ರಕೃತಿರ ಪ್ರತಿಶೋಧ’ ನಾಟಕ ಬರೆದದ್ದು ಈ ದಂಡೆಯಲ್ಲೇ. ಅರ್ಧಚಂದ್ರದ ಮರಳನ್ನೂ ಗಾಳಿಮರದ ತೋಪನ್ನೂ ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನೂ ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ.

ಪೇಟೆಯ ದಂಡೆಯೆಂದು ಪ್ರವಾಸಿಗರು ಇದನ್ನು ಕಡೆಗಣಿಸುವುದುಂಟು. ಅಳತೆಗೋಲು ಕೈಯಲ್ಲಿ ಹಿಡಿದು ನೋಡಿದರೆ ಒಂದು ದಿನದ ಪ್ರವಾಸಕ್ಕೆ ಇದರಷ್ಟು ಅಂಕ ಗಳಿಸುವ ಜಾಗ ಇನ್ನೊಂದಿಲ್ಲ. ದಕ್ಷಿಣಕ್ಕೆ ಗುಡ್ಡ, ಎದುರಿಗೆ ದ್ವೀಪಗಳು ಇರುವುದರಿಂದ ಅಲೆ ಮೆದು. ಬಸ್ ನಿಲ್ದಾಣದಿಂದ ನಡೆದೇ ಬರಬಹುದು. ಜೀವರಕ್ಷಕರಿದ್ದಾರೆ. ಆಸ್ಪತ್ರೆ, ಹೋಟೆಲು, ಶೌಚಾಲಯ ಎಲ್ಲ ಹತ್ತಿರ. ಮಕ್ಕಳಿಗೆ ಬೇಸರವಾದರೆ ದಂಡೆಯ ಮೇಲೇ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದ ಕ್ಷಿಪಣಿ ನೌಕೆ ಚಪಲವನ್ನು ಮರುವರ್ಷ ಇಲ್ಲಿ ತಂದು ನಿಲ್ಲಿಸಿದರು; ಈಚೆಗೆ ಪಕ್ಕದಲ್ಲಿ ಟುಪೊಲೆವ್ ವಿಮಾನವೊಂದೂ ಬಂದು ಕೂತಿದೆ. ಜಿಲ್ಲೆಯ ಬುಡಕಟ್ಟುಗಳ ಬದುಕನ್ನು ಶಿಲ್ಪಗಳಲ್ಲಿ ತೋರಿಸುವ ರಾಕ್ ಗಾರ್ಡನ್ ಕೂಗಳತೆಯಲ್ಲಿದೆ.

ಕೊರತೆ ಎರಡು. ರಜೆಯ ಸಂಜೆಗಳಲ್ಲಿ ಇಲ್ಲಿ ಜಾತ್ರೆ. ಇನ್ನೊಂದು, ಕೋಡಿಬಾಗದ ತುದಿ ಕಾಳಿಯ ಬಾಯಿ. ಅಲ್ಲಿ ನೀರಿಗೆ ಇಳಿಯುವುದು ಬೇಡವೇ ಬೇಡ. ನಡುಭಾಗದಲ್ಲಿ, ಬೆಳಿಗ್ಗೆ ಒಂಬತ್ತರ ಒಳಗೆ ಇಳಿದವರಿಗೆ ಈ ಎರಡೂ ಕಾಡುವುದಿಲ್ಲ. ಕಾಳಿಯನ್ನು ಸುರಕ್ಷಿತವಾಗಿ ನೋಡುವ ಆಸೆ ಇದ್ದರೆ ಕಾಂಡ್ಲಾ ಕಾಡಿನ ನಡುವೆ ಹಾಕಿರುವ ಹಲಗೆದಾರಿಯಲ್ಲಿ ನಡೆದು ಬರಬಹುದು.

ನಡುವಿನ ಖಾಲಿ ಜಾಗ

ಕಾರವಾರದಿಂದ ದಕ್ಷಿಣಕ್ಕೆ ಹೊರಟು ಸುರಂಗ ದಾಟಿದರೆ ಬಿಣಗಾ, ಅರಗಾ. ಹಿರಿಯರನ್ನು ಕೇಳಿದರೆ ಈ ಕೊಲ್ಲಿಗಳೇ ಎಲ್ಲಕ್ಕಿಂತ ಚೆಂದದವು ಎನ್ನುತ್ತಾರೆ. ಈಗ ಅಲ್ಲಿ ತಡೆಗೋಡೆ, ಮುಳ್ಳುತಂತಿ, ಪ್ರವೇಶ ನಿಷೇಧದ ಫಲಕ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಇಟ್ಟರು. 2005ರಲ್ಲಿ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಇಳಿಸುವ ಜಾಗ ಬಿಟ್ಟು ಎದ್ದವು. ದೇಶದ ರಕ್ಷಣೆಗೆ ಈ ಜಾಗ ಏಕೆ ಬೇಕಾಯಿತು ಎಂಬುದು ನಕ್ಷೆ ನೋಡಿದರೆ ತಿಳಿಯುತ್ತದೆ. ಹಿಂದೆ ಗುಡ್ಡ, ಮುಂದೆ ಅಂಜುದೀವ್, ನಡುವೆ ಆಳವಾದ, ತಣ್ಣಗಿನ ನೀರು. ಪ್ರವಾಸಿಗರ ಪಾಲಿಗೆ ಮಾತ್ರ ಕಾರವಾರ ಮತ್ತು ಅಂಕೋಲೆಯ ನಡುವಿನ ಕಡಲು ಬಹುಪಾಲು ಮುಚ್ಚಿದ ಬಾಗಿಲು. ಫಲಕ ಇರುವಲ್ಲಿ ವಾಹನ ನಿಲ್ಲಿಸಿ ಫೋಟೊ ತೆಗೆಯುವುದೂ ತೊಂದರೆಗೆ ದಾರಿ. ಅಂಕೋಲೆಗೆ ನೇರ ಸಾಗುವುದೇ ಸರಿ.

ಅಂಕೋಲೆಯ ಕಡೆ

ಅಂಕೋಲೆಯ ಹೆಸರು ಕಡಲಿನೊಡನೆ ಸೇರಿಕೊಂಡದ್ದು ಉಪ್ಪಿನಿಂದ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಕರ್ನಾಟಕದ ಬಾರ್ಡೋಲಿ ಎಂಬ ಬಿರುದು ಊರಿಗೆ ಬಂತು. ಪೇಟೆ ಕಡಲಿಗೆ ಬೆನ್ನು ಹಾಕಿ ಕೂತಂತಿದೆ. ದಂಡೆಗಳಿಗೆ ಹೋಗಲು ಹೆದ್ದಾರಿಯಿಂದ ಪಡುವಣಕ್ಕೆ ಸಣ್ಣ ರಸ್ತೆಗಳಲ್ಲಿ ಕೆಲವು ಕಿ.ಮೀ. ಒಳಗೆ ಹೋಗಬೇಕು. ಫಲಕಗಳು ಕಡಿಮೆ, ಗದ್ದೆ ಬಯಲು ಹೆಚ್ಚು. ಈ ಕಾರಣಕ್ಕೇ ಇಲ್ಲಿನ ದಂಡೆಗಳು ಇನ್ನೂ ಊರವರ ಕೈಯಲ್ಲಿವೆ.

ನದಿಬಾಗ ಪೇಟೆಗೆ ಹತ್ತಿರ. ಪೂಜಗೇರಿಯ ಸಣ್ಣ ಹೊಳೆ ಕಡಲು ಸೇರುವ ಜಾಗ, ಪಕ್ಕದಲ್ಲಿ ಹತ್ತಿ ನೋಡಲು ಗುಡ್ಡ. ಊರವರ ಸಂಜೆಯ ತಾಣ ಇದು. ಹೊಳೆಯ ಮೊಣಕಾಲು ನೀರು ಮಕ್ಕಳನ್ನು ಸೆಳೆಯುತ್ತದೆ. ಆ ಹೊಳೆ ಯಾವ ಹೊತ್ತಿನಲ್ಲಿ ಒಳಗೆ ಹರಿಯುತ್ತದೆ, ಯಾವ ಹೊತ್ತಿನಲ್ಲಿ ಹೊರಗೆ ಹರಿಯುತ್ತದೆ ಎಂಬುದರ ಮೇಲೆ ನದಿಬಾಗದ ಗುಣ ನಿಂತಿದೆ. ಆ ಲೆಕ್ಕ ಮುಂದೆ ಬರುತ್ತದೆ.

ಕೇಣಿ ಮೀನುಗಾರರ ಊರು. ಬೆಳಿಗ್ಗೆ ದೋಣಿ ಬಂದಾಗ ದಂಡೆಯ ಮೇಲೇ ಮೀನಿನ ವ್ಯಾಪಾರ. ಬಂಗಡೆ, ತಾರ್ಲೆ, ಸಿಗಡಿ, ಕೆಲವು ದಿನ ನೊಗಲಿ. ಬಲೆ ಬಿಡಿಸುವವರ ನಡುವೆ ಹೋಗಿ ಚೌಕಾಸಿ ಮಾಡುವುದೇ ಕೇಣಿಯ ನೋಟ. ನೀರಾಟಕ್ಕೆ ಬೇರೆಡೆ ಹೋಗುವುದು ಮೇಲು. ಗುಡ್ಡ ಹತ್ತಿ ಇಳಿಯಬೇಕಾದ ಶೇಡಿಕುಳಿಯಂಥ ಪುಟ್ಟ ದಂಡೆಗಳೂ ಈ ಭಾಗದಲ್ಲಿವೆ. ಹುಡುಗರ ಗುಂಪುಗಳಿಗೆ ಅವು ಅಚ್ಚುಮೆಚ್ಚು. ಕೂಗಿದರೆ ಓಗೊಡುವವರಿಲ್ಲದ ಜಾಗಗಳು ಅವು ಎಂಬುದನ್ನು ಮರೆಯಬಾರದು.

ಉತ್ತರಕ್ಕೆ ಬೆಲೇಕೇರಿ. ಒಳ್ಳೆಯ ಕೊಲ್ಲಿ. ಬಳ್ಳಾರಿಯ ಕಬ್ಬಿಣದ ಅದಿರು ಇಲ್ಲಿಂದ ಹಡಗು ಹತ್ತಿದ ಕಾಲದಲ್ಲಿ, ವಶಪಡಿಸಿಕೊಂಡಿದ್ದ ಅದಿರೇ ಕಾಣೆಯಾದ 2010ರ ಹಗರಣದಲ್ಲಿ, ಊರಿನ ಹೆಸರು ರಾಜ್ಯವಿಡೀ ಕೇಳಿಸಿತು. ಬಂದರಿನ ನೆರಳು ಇರುವುದರಿಂದ ಪ್ರವಾಸಕ್ಕೆ ಇದು ಎರಡನೇ ಸಾಲಿನದು.

ದಕ್ಷಿಣಕ್ಕೆ ಬೆಳಂಬಾರ. ಪಾರ್ಶ್ವವಾಯುವಿನ ನಾಟಿ ಔಷಧಕ್ಕೆ ಹೆಸರಾದ ಊರು. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು, ಮೀನುಗಾರರ ಕೇರಿ, ಉದ್ದನೆಯ ಮರಳು. ಶಾಂತವಾಗಿ ಒಂದು ಬೆಳಗು ಕಳೆಯಬೇಕೆಂದರೆ ಅಂಕೋಲೆಯ ಕಡೆ ನನ್ನ ಮತ ಬೆಳಂಬಾರಕ್ಕೆ. ಇನ್ನೂ ದಕ್ಷಿಣಕ್ಕೆ ಮಂಜುಗುಣಿ, ಗಂಗಾವಳಿಯ ಅಳಿವೆ. ನದಿಯಾಚೆ ಗೋಕರ್ಣದ ಸೀಮೆ. ದಡದಲ್ಲಿ ಕೂತು ನೋಡಲು ಮಂಜುಗುಣಿ, ನೀರಿಗೆ ಇಳಿಯಲು ಅಲ್ಲ.

ಹೊತ್ತು, ತಿಥಿ, ಗಾಳಿ

ಯಾವ ದಂಡೆ ಎಂಬಷ್ಟೇ ಮುಖ್ಯ ಯಾವ ಹೊತ್ತು ಎಂಬುದು. ಬೇಸಿಗೆಯಲ್ಲಿ ಈ ಕರಾವಳಿಯ ಬೆಳಗು ನಿಶ್ಚಲ. ಹನ್ನೊಂದರ ಸುಮಾರಿಗೆ ನೆಲ ಕಾದು ಕಡಲಗಾಳಿ ಏಳುತ್ತದೆ. ಮಧ್ಯಾಹ್ನ ಅದು ವಾಯವ್ಯದಿಂದ ಬಲವಾಗಿ ಬೀಸುತ್ತದೆ, ಅಲೆ ಏರುತ್ತದೆ. ಮೈಗೆ ತಂಪೆನಿಸುವ ಹೊತ್ತಿನಲ್ಲೇ ನೀರು ಒರಟಾಗಿರುತ್ತದೆ. ನೀರಾಟಕ್ಕೆ ಏಳರಿಂದ ಹತ್ತು ಗಂಟೆ, ಕೂತು ನೋಡಲು ನಾಲ್ಕರ ಮೇಲೆ ಎಂಬುದು ಸರಳ ಸೂತ್ರ. ಹನ್ನೊಂದರಿಂದ ಮೂರರವರೆಗೆ ದಂಡೆಯ ಮೇಲೆ ಇರುವುದೇ ಬೇಡ.

ಇನ್ನು ಉಬ್ಬರ–ಇಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತವೆ. ಹೀಗಾಗಿ ತಿಥಿ ಗೊತ್ತಿದ್ದರೆ ಹೊತ್ತೂ ಗೊತ್ತು. ಮೀನುಗಾರರ ಹಳೆಯ ಲೆಕ್ಕ ಇದೇ. ಈ ಭಾಗದಲ್ಲಿ ಸ್ಥೂಲವಾಗಿ ಹೇಳುವುದಾದರೆ ಹುಣ್ಣಿಮೆ, ಅಮಾವಾಸ್ಯೆಗಳಂದು ಹಗಲಿನ ತುಂಬು ಉಬ್ಬರ ನಡುಹಗಲಿಗೆ ತುಸು ಮುಂಚೆಯೋ ಆಸುಪಾಸೋ ಬರುತ್ತದೆ. ಅಲ್ಲಿಂದ ಸಂಜೆ ಐದು–ಆರರವರೆಗೆ ನೀರು ಇಳಿಯುತ್ತಲೇ ಇರುತ್ತದೆ. ಆ ದಿನಗಳಲ್ಲಿ ಏರಿಳಿತದ ಅಂತರವೂ ಹೆಚ್ಚು. ಅಂದರೆ ಪ್ರವಾಸಿಗರು ದಂಡೆಗೆ ಬರುವ ಮಧ್ಯಾಹ್ನ, ಸಂಜೆಯ ಹೊತ್ತಿನಲ್ಲೇ ಅಳಿವೆಗಳು ಅತಿ ಬಿರುಸಿನಿಂದ ಕಡಲಿನ ಕಡೆಗೆ ಹರಿಯುತ್ತಿರುತ್ತವೆ. ಕೋಡಿಬಾಗ, ದೇವಬಾಗದ ತುದಿ, ನದಿಬಾಗ, ಮಂಜುಗುಣಿ ಎಲ್ಲಕ್ಕೂ ಇದು ಅನ್ವಯ. ಅಷ್ಟಮಿ, ನವಮಿಯ ಸುತ್ತ ಲೆಕ್ಕ ಮಗುಚುತ್ತದೆ. ನಡುಹಗಲಿಗೆ ಇಳಿತ, ಸಂಜೆಗೆ ಉಬ್ಬರ, ಅಂತರವೂ ಕಡಿಮೆ.

ಆದ್ದರಿಂದ ನದಿಬಾಗಕ್ಕೆ ಹುಣ್ಣಿಮೆ–ಅಮಾವಾಸ್ಯೆಯ ದಿನ ಹೋಗುವುದಾದರೆ ನೀರು ಏರುತ್ತಿರುವ ಬೆಳಿಗ್ಗೆಯೇ ಹೋಗಬೇಕು; ಅಷ್ಟಮಿಯ ಆಚೀಚೆ ಸಂಜೆ ಹೋದರೂ ನಡೆದೀತು. ಅಂಕೋಲೆಯ ಬಂಡಿಹಬ್ಬ ನಡೆಯುವುದು ವೈಶಾಖ ಹುಣ್ಣಿಮೆಗೆ. ಹಬ್ಬ ನೋಡಲು ಬಂದವರು ಮಧ್ಯಾಹ್ನದ ಮೇಲೆ ಮಕ್ಕಳನ್ನು ಹೊಳೆಬಾಯಿಗೆ ಬಿಡದಿರುವುದು ಕ್ಷೇಮ. ಗಂಟೆ–ನಿಮಿಷದ ಲೆಕ್ಕ ಬೇಕಿದ್ದರೆ ಕಾರವಾರದ ಉಬ್ಬರದ ಕೋಷ್ಟಕ ಮೊಬೈಲಿನಲ್ಲೇ ಸಿಗುತ್ತದೆ.

ಅಪಾಯದ ಲೆಕ್ಕ

ಮೆದು ಕಡಲೂ ಕಡಲೇ. ಅಲೆಗಳು ದಂಡೆಗೆ ತಂದ ನೀರು ಎಲ್ಲೋ ಒಂದು ಕಡೆ ಇಕ್ಕಟ್ಟಾದ ಕಾಲುವೆಯಾಗಿ ಹಿಂದಕ್ಕೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಾಣುವುದಿಲ್ಲ, ನೀರು ತುಸು ಕಪ್ಪಾಗಿ ಶಾಂತವಾಗಿ ಕಾಣುತ್ತದೆ. ಈಜು ಬಾರದವರು ಅದೇ ಸುರಕ್ಷಿತವೆಂದು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೆ ನೇರ ಈಜಲು ಹೋಗಿ ದಣಿಯುತ್ತಾರೆ. ದಂಡೆಗೆ ಸಮಾನಾಂತರವಾಗಿ ತುಸು ದೂರ ಈಜಿ ಸೆಳೆತದಿಂದ ಪಾರಾಗಿ ಆಮೇಲೆ ದಡಕ್ಕೆ ತಿರುಗಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಳೆಗಾಲವಲ್ಲ, ಬಿರುಗಾಳಿಯಿಲ್ಲ. ಬಯಲುಸೀಮೆಯಿಂದ ಬರುವ ಗುಂಪುಗಳಿಗೆ ಸೊಂಟದ ಮೇಲಿನ ನೀರು ಬೇಡ ಎಂಬ ನಿಯಮವನ್ನು ಬಸ್ಸಿನಲ್ಲೇ ಹೇಳಿ ಇಳಿಸಬೇಕು.

ದೋಣಿ ವಿಹಾರಕ್ಕೂ ಇದೇ ಮಾತು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ತೀರಿಕೊಂಡರು. ಜಾಕೆಟ್ ಕೊಡದ ದೋಣಿ, ತಲೆ ಎಣಿಸದೆ ಹತ್ತಿಸುವ ದೋಣಿ ಎಷ್ಟೇ ಅಗ್ಗವಾದರೂ ಹತ್ತಬಾರದು. ಏಪ್ರಿಲ್–ಮೇ ತಿಂಗಳಲ್ಲಿ ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಹುಟ್ಟಿದ ದೊಡ್ಡ ಅಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಅಪ್ಪಳಿಸುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮುನ್ನ ನೋಡಿಕೊಳ್ಳಲು ಐದು ನಿಮಿಷ ಸಾಕು.

ದಾರಿ, ನೆರಳು, ಊಟ

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲೆ ಸುಮಾರು 130 ಕಿ.ಮೀ. ಅಲ್ಲಿಂದ ಕಾರವಾರ ಇನ್ನು 35. ಘಟ್ಟದಲ್ಲಿ ಲಾರಿಗಳ ಸಾಲು ಇರುವುದರಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟವರಿಗೆ ಮಾತ್ರ ಬೆಳಗಿನ ಕಡಲು ಸಿಗುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಡು ಉಳಿಯಬೇಕೋ ಹಳಿ ಬೇಕೋ ಎಂಬ ವಾದದಲ್ಲೇ ನಿಂತಿದೆ. ಕರಾವಳಿಯವರಿಗೆ ಕೊಂಕಣ ರೈಲ್ವೆ ಇದೆ. ಕಾರವಾರ, ಹಾರವಾಡ, ಅಂಕೋಲಾ ಮೂರೂ ಕಡೆ ನಿಲ್ದಾಣಗಳಿವೆ.

ಊಟಕ್ಕೆ ಕಾರವಾರದ ಮೀನಿನ ಊಟದ ಹೋಟೆಲುಗಳು ಸಾಕು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಹುರಿದ ಬಂಗಡೆ, ಕೊನೆಗೆ ಕೋಕಂ ಹುಳಿಯ ಸೋಲ್‌ಕಡಿ. ಕಾಳಿಯ ತಿಸ್ರೆ ಸಿಕ್ಕಿದರೆ ಬಿಡಬಾರದು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೇಸಿಗೆಯೇ ತಾಜಾ ಮೀನಿನ ಕೊನೆಯ ಕಾಲ. ಮೇ ತಿಂಗಳಲ್ಲಿ ಅಂಕೋಲೆಯ ರಸ್ತೆ ಬದಿಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕರಿ ಇಶಾಡ ಮಾವು ಮಾರುತ್ತಾರೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು. ಸಿಪ್ಪೆ ತೆಳು, ದೂರದ ಪ್ರಯಾಣ ತಡೆಯುವುದಿಲ್ಲ. ಈ ಭಾಗಕ್ಕೆ ಬಂದವರೇ ತಿನ್ನಬೇಕು ಎಂಬುದು ಅದರ ಕರಾರು.

ಸೌಕರ್ಯದ ಮಟ್ಟಿಗೆ ನಮ್ಮ ದಂಡೆಗಳು ಹಿಂದೆ ಉಳಿದಿವೆ ಎಂಬುದನ್ನು ಒಪ್ಪಬೇಕು. ಅದೇ ಜಿಲ್ಲೆಯ ಹೊನ್ನಾವರ ಬಳಿಯ ಕಾಸರಕೋಡು 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆಯಿತು. ನೀರಿನ ಶುದ್ಧಿ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಸೇರಿ 33 ಮಾನದಂಡಗಳು ಅದಕ್ಕೆ. ಧ್ವಜ ಬೇಕೆಂದಿಲ್ಲ. ಬೆಳಂಬಾರದಲ್ಲೋ ಮಾಜಾಳಿಯಲ್ಲೋ ಒಂದು ಶುಚಿಯಾದ ಶೌಚಾಲಯ, ಅಂದಿನ ಉಬ್ಬರ–ಇಳಿತದ ಹೊತ್ತು ಬರೆದ ಕಪ್ಪು ಹಲಗೆ, ಊರಿನದೇ ಇಬ್ಬರು ಈಜುಗಾರರಿಗೆ ಸಂಬಳ, ಇಷ್ಟಾದರೆ ಗೋಕರ್ಣದ ಅರ್ಧ ಒತ್ತಡ ಇತ್ತ ಹಂಚಿಹೋದೀತು.

ಎಲ್ಲರಿಗೂ ಬೇಕಾದ ಅದೇ ಜಾಗ

ಈ ಸಮೀಕ್ಷೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲೆ ತಗ್ಗುವ ದಂಡೆ ಮಗುವಿಗೆ ಬೇಕು, ರಂಪಣಿಗೆ ಬೇಕು, ಆಮೆಗೂ ಬೇಕು. ಹಡಗಿಗೂ ಅದೇ ಬೇಕು. ಭೂಶಿರ ಮತ್ತು ದ್ವೀಪಗಳ ಆಸರೆ ಇರುವ ಕೊಲ್ಲಿ ಎಲ್ಲಿದೆಯೋ ಅಲ್ಲಿಗೇ ಬಂದರಿನ ಯೋಜನೆ ಬರುತ್ತದೆ. ಅರಗಾಕ್ಕೆ ನೌಕಾನೆಲೆ ಬಂತು. ಬೆಲೇಕೇರಿಗೆ ಅದಿರು ಬಂತು. ಬೈತಕೋಲ ಬಂದರಿನ ಎರಡನೇ ಹಂತದ ವಿಸ್ತರಣೆಗಾಗಿ ಟಾಗೋರ್ ದಂಡೆಯ ಕಡೆಗೆ ಅಲೆತಡೆಗೋಡೆ ಕಟ್ಟಲು ಹೊರಟಾಗ 2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬೀದಿಗಿಳಿದರು, ಮೀನು ಮಾರುಕಟ್ಟೆ ಮುಚ್ಚಿತು, ವಿಷಯ ಹೈಕೋರ್ಟಿನ ಮೆಟ್ಟಿಲೇರಿ ಕೆಲಸ ನಿಂತಿತು. ಕೇಣಿಯಲ್ಲಿ 4,000 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದ ಖಾಸಗಿ ಬಂದರಿಗೆ 2023ರಲ್ಲಿ ಜೆಎಸ್‌ಡಬ್ಲ್ಯು ಸಮೂಹಕ್ಕೆ ಒಪ್ಪಿಗೆ ಪತ್ರ ಸಿಕ್ಕಿತು. 2025ರಲ್ಲಿ ಸಮೀಕ್ಷೆ ಆರಂಭವಾದಾಗ ಮೀನುಗಾರರು ಕಡಲಿಗಿಳಿದು ವಿರೋಧಿಸಿದರು.

ಬಂದರು ಬೇಡ ಎಂದು ಪ್ರವಾಸಿಗರು ಹೇಳಿದರೆ ಅದು ಅರ್ಧ ದಿನದ ಅತಿಥಿಯ ಮಾತಾಗುತ್ತದೆ. ಉದ್ಯೋಗ, ರಸ್ತೆ, ವಹಿವಾಟು ಬೇಕೆನ್ನುವವರು ಅಂಕೋಲೆಯಲ್ಲೂ ಇದ್ದಾರೆ. ಯೋಜನೆಯ ಲೆಕ್ಕಪತ್ರದಲ್ಲಿ ದಂಡೆಗೂ ಒಂದು ಬೆಲೆ ಬರೆಯಿರಿ ಎಂದು ಕೇಳುವುದು ಮಾತ್ರ ಅತಿಯಲ್ಲ. ಅಲೆತಡೆಗೋಡೆ ಕಟ್ಟಿದ ಕಡೆ ಮರಳಿನ ಓಡಾಟದ ದಾರಿ ಬದಲಾಗುತ್ತದೆ; ಒಂದು ಬದಿಯಲ್ಲಿ ಮರಳು ಒಟ್ಟುತ್ತದೆ, ಇನ್ನೊಂದು ಬದಿಯಲ್ಲಿ ಕೊರೆತ ಶುರುವಾಗುತ್ತದೆ. ಹಾಗೆ ಕರಗುವ ದಂಡೆಯಲ್ಲಿ ಮೊದಲು ದೋಣಿ ಇಳಿಸುವ ಜಾಗ ಹೋಗುತ್ತದೆ, ಆಮೇಲೆ ಗಾಳಿಮರ, ಆಮೇಲೆ ಮನೆ. ಪ್ರವಾಸಿಗರ ನಷ್ಟ ಈ ಸಾಲಿನಲ್ಲಿ ಕೊನೆಯದು, ಆದರೆ ಅದೂ ನಷ್ಟವೇ.

ಹಾಗಾದರೆ ಎಲ್ಲಿಗೆ?

ಚಿಕ್ಕ ಮಕ್ಕಳು, ಅಜ್ಜ–ಅಜ್ಜಿ ಜೊತೆಗಿದ್ದರೆ ಕಾರವಾರದ ಟಾಗೋರ್ ದಂಡೆಯ ನಡುಭಾಗ, ಬೆಳಿಗ್ಗೆ. ಗದ್ದಲ ಬೇಡವೆನ್ನುವ ಕುಟುಂಬಕ್ಕೆ ಕಾಳಿಯಾಚೆ ಮಾಜಾಳಿ, ಅಂಕೋಲೆಯ ಕಡೆ ಬೆಳಂಬಾರ. ನಡೆಯುವವರಿಗೆ ತೀಳಮಾತಿ, ನೆರಳು ಬಯಸುವವರಿಗೆ ದೇವಬಾಗ, ಮೀನು ಕೊಳ್ಳುವವರಿಗೆ ಕೇಣಿ. ನದಿ–ಕಡಲು ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ನದಿಬಾಗ, ತಿಥಿ ನೋಡಿಕೊಂಡು.

ಹುಬ್ಬಳ್ಳಿಯಿಂದ ಒಂದೇ ದಿನಕ್ಕೆ ಬರುವವರಿಗೆ ಒಂದು ಕ್ರಮ: ನಸುಕಿನಲ್ಲೇ ಘಟ್ಟ ಇಳಿದು ಬೆಳಂಬಾರದಲ್ಲಿ ಹತ್ತರವರೆಗೆ ನೀರಾಟ, ಬಿಸಿಲೇರುವ ಹೊತ್ತಿಗೆ ಕಾರವಾರದ ದಾರಿ, ಮೀನಿನ ಊಟ, ಮಧ್ಯಾಹ್ನಕ್ಕೆ ಯುದ್ಧನೌಕೆ, ಸಂಜೆಗೆ ಟಾಗೋರ್ ದಂಡೆಯಲ್ಲಿ ಕೂರುವುದು. ಕತ್ತಲಾಗುವ ಮುಂಚೆ ಹೊರಟರೆ ಘಟ್ಟವನ್ನು ನಿದ್ದೆಗಣ್ಣಿನಲ್ಲಿ ಹತ್ತುವ ಪ್ರಮೇಯ ಬರುವುದಿಲ್ಲ.

ಯಾವ ದಂಡೆಗೆ ಹೋದರೂ ಮೊದಲು ಅಲ್ಲಿ ಬಲೆ ಬಿಡಿಸುತ್ತ ಕೂತವರನ್ನು ಮಾತಾಡಿಸಿ: ಎಲ್ಲಿ ಇಳಿಯಬಹುದು, ಎಷ್ಟು ಹೊತ್ತಿನವರೆಗೆ? ಈ ಪ್ರಶ್ನೆಗೆ ಅವರಿಗಿಂತ ಖಚಿತವಾಗಿ ಉತ್ತರ ಕೊಡುವ ಫಲಕ ಈ ಕರಾವಳಿಯಲ್ಲಿ ಇನ್ನೂ ಬಂದಿಲ್ಲ. ಅವರು ಅಲ್ಲಿ ಉಳಿದಿರುವವರೆಗೆ ಆ ದಂಡೆ ಬೇಸಿಗೆಯ ಪ್ರವಾಸಕ್ಕೂ ಉಳಿದಿರುತ್ತದೆ.